ಬೆಳಕಿನ ಪೆಟ್ಟಿಗೆಯೂ ನಮ್ಮ ಎಣ್ಣೆಗೆಂಪು ಬಣ್ಣವೂ

ಕೂದಲಿನ ಬಗ್ಗೆಯೂ ಒಂದು ಬ್ಲಾಗ್ ಬರಹವಾ ಅಂತ ಮೂಗು ಮುರಿಯಬೇಡಿ. ತಲೆಗೂದಲಿನ ಬಗ್ಗೆ ನಾವು ಎಷ್ಟು ಬೇಕಾದರೂ ಬರೀತೀವಿ. ಮೊಗ್ಗಿನ ಜಡೆ, ಮಲ್ಲಿಗೆ ದಂಡೆ, ಅಜ್ಜಿ ಹಚ್ಚುತ್ತಿದ್ದ ಹರಳೆಣ್ಣೆ... ಅದೇ ಕೂದಲು ನಾಲ್ಕೇ ನಾಲ್ಕು ಗದ್ದದ ಮೇಲೆ ಬಂದರೆ ಮಾತ್ರ ಎಲ್ಲರ ಬಾಯಿಗೂ ಬೀಗ. ಆ ಬೀಗದ ಮೇಲೇ ಒಂದು ದೊಡ್ಡ ವ್ಯಾಪಾರ ನಡೀತಿದೆ. ಅದಕ್ಕೇ ಈ ಬರಹ.

ವಿಷಯ ಇಷ್ಟು. ಬೇಡದ ಕೂದಲು ತೆಗೆಯೋಕೆ ಕ್ಲಿನಿಕ್ಕಿನ ಲೇಸರ್ ಒಂದು ದಾರಿ. ಮನೆಯಲ್ಲೇ ಮೈಗೆ ಒತ್ತಿ ಗುಂಡಿ ಅದುಮಿದರೆ ಫಳಕ್ ಅಂತ ಮಿಂಚುವ ಯಂತ್ರ ಇನ್ನೊಂದು ದಾರಿ. ಫಿಲಿಪ್ಸ್ ಲುಮಿಯಾ, ಬ್ರಾನ್ ಅಂಥ ಹೆಸರಿನವೂ ಇವೆ, ಹೆಸರೇ ಕೇಳದ ಅಗ್ಗದವೂ ಇವೆ. ಯಾವುದು ಒಳ್ಳೇದು ಅಂತ ಕೇಳುವವರೆಲ್ಲ ಲೆಕ್ಕ ಹಾಕೋದು ದುಡ್ಡಿನದ್ದು: ಕ್ಲಿನಿಕ್ಕಿಗೆ ಆರೆಂಟು ಸಲ ಹೋಗಿ ಪ್ರತಿ ಸಲ ಕಕ್ಕೋದಕ್ಕಿಂತ ಒಂದೇ ಸಲ ಯಂತ್ರ ತಗೊಂಡರೆ ಅಕ್ಕ ತಂಗಿಯರಿಗೆಲ್ಲ ಆಯ್ತಲ್ಲ! ನನ್ನ ತಕರಾರು ಇಲ್ಲೇ. ನಮ್ಮಂಥ ಬಣ್ಣದವರಿಗೆ ಇದು ಮೊದಲು ದುಡ್ಡಿನ ಲೆಕ್ಕವಲ್ಲ, ಚರ್ಮದ ಲೆಕ್ಕ.

ಸ್ವಲ್ಪ ವಿಜ್ಞಾನ ಹೇಳಿಬಿಡ್ತೀನಿ, ಸಹಿಸಿಕೊಳ್ಳಿ. 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ಇಬ್ಬರು ಅಮೆರಿಕದ ವೈದ್ಯರು ಒಂದು ತತ್ವ ಮುಂದಿಟ್ಟರು. ಸರಿಯಾದ ಬಣ್ಣದ ಬೆಳಕನ್ನು ಸರಿಯಾದಷ್ಟೇ ಹೊತ್ತು ಹಾಯಿಸಿದರೆ, ಸುತ್ತಲಿನ ಚರ್ಮವನ್ನು ಬಿಟ್ಟು ಬೇಕಾದ ಗುರಿಯನ್ನು ಮಾತ್ರ ಸುಡಬಹುದು ಅಂತ. ಕೂದಲಿನ ವಿಷಯದಲ್ಲಿ ಆ ಗುರಿ ಮೆಲನಿನ್, ಅಂದರೆ ಕೂದಲಿಗೆ ಕಪ್ಪು ಕೊಡುವ ಬಣ್ಣ. ಅದು ಬೆಳಕನ್ನು ಹೀರಿ ಬಿಸಿಯಾಗುತ್ತೆ, ಆ ಬಿಸಿಗೆ ಕೂದಲಿನ ಬುಡ ಸೊರಗುತ್ತೆ. ಬಿಳಿ ಕೂದಲಿಗೆ ಲೇಸರ್ ನಾಟದಿರುವುದು ಇದೇ ಕಾರಣಕ್ಕೆ.

ಆದರೆ ಮೆಲನಿನ್ ಇರೋದು ಕೂದಲಲ್ಲಿ ಮಾತ್ರವಾ? ನಮ್ಮ ಚರ್ಮದಲ್ಲೂ ಇದೆ, ಧಾರಾಳವಾಗಿ! ವಧೂವರರ ಜಾಹೀರಾತಿನಲ್ಲಿ ನಾವು ಗೋಧಿಬಣ್ಣ, ಎಣ್ಣೆಗೆಂಪು ಅಂತ ಏನೇನೋ ಹೆಸರು ಇಟ್ಟುಕೊಳ್ಳಬಹುದು. ಬೆಳಕಿಗೆ ಅದೆಲ್ಲ ಗೊತ್ತಿಲ್ಲ. ಎಲ್ಲಿ ಮೆಲನಿನ್ ಸಿಕ್ಕಿತೋ ಅಲ್ಲಿ ಬಿಸಿ ಬಿಟ್ಟು ಹೋಗುತ್ತೆ. ಬಿಳಿ ಚರ್ಮ ಕಪ್ಪು ಕೂದಲು ಇದ್ದವರಿಗೆ ಇದು ಸಲೀಸು. ನಮಗೆ ಬುಡ ತಲುಪುವ ಮೊದಲೇ ಮೇಲಿನ ಚರ್ಮ ಸುಟ್ಟು ಕಪ್ಪು ಕಲೆಯೋ ಬೊಬ್ಬೆಯೋ ಉಳಿಯಬಹುದು.

ವ್ಯತ್ಯಾಸ ಇರೋದೇ ಇಲ್ಲಿ. ಕ್ಲಿನಿಕ್ಕಿನಲ್ಲಿ ಒಂದೇ ಲೇಸರ್ ಅಲ್ಲ, ಹಲವು ಇವೆ. ಅಲೆಕ್ಸಾಂಡ್ರೈಟ್ 755 ನ್ಯಾನೋಮೀಟರ್, ಡಯೋಡ್ ಸುಮಾರು 810, ಎನ್‌ಡಿ-ಯಾಗ್ 1064. ತರಂಗಾಂತರ ಉದ್ದವಾದಷ್ಟೂ ಬೆಳಕು ಆಳಕ್ಕೆ ಇಳಿಯುತ್ತೆ, ಮೇಲ್ಚರ್ಮದ ಮೆಲನಿನ್ ಅದನ್ನು ಕಡಿಮೆ ಹೀರುತ್ತೆ. ಹಾಗಾಗಿ ಕಪ್ಪು ಚರ್ಮಕ್ಕೆ 1064ರದ್ದೇ ಹೆಚ್ಚು ಸುರಕ್ಷಿತ ಅಂತ ಚರ್ಮವೈದ್ಯರು ಹೇಳೋದು. ಜೊತೆಗೆ ಚರ್ಮ ತಣ್ಣಗಿಡುವ ವ್ಯವಸ್ಥೆ ಇರುತ್ತೆ. ಮನೆಯ ಯಂತ್ರಗಳಲ್ಲಿ ಹೆಚ್ಚಿನವು ಲೇಸರೇ ಅಲ್ಲ, ಐಪಿಎಲ್. ಕ್ರಿಕೆಟ್ ಅಲ್ಲ ಮಾರಾಯ್ರೆ :) ಒಂದೇ ತರಂಗಾಂತರದ ಬದಲು ಹಲವು ತರಂಗಾಂತರಗಳ ಬೆಳಕನ್ನು ಒಟ್ಟಿಗೆ ಮಿಂಚಿಸುವ ದೀಪ. ಮನೆಮಂದಿಯ ಕೈಗೆ ಕೊಡುವಂಥದ್ದು ಅಂತ ಅದರ ಶಕ್ತಿಯನ್ನೂ ಬೇಕಂತಲೇ ಇಳಿಸಿರುತ್ತಾರೆ. ಅದಕ್ಕೇ ಅದನ್ನು ಮೊದಮೊದಲು ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಆಮೇಲೂ ಆಗಾಗ ಬಳಸುತ್ತಲೇ ಇರಬೇಕು. ಬಿಟ್ಟರೆ ಕೂದಲು ಮತ್ತೆ ತಲೆ ಎತ್ತುತ್ತೆ.

ಯಂತ್ರದ ಪೆಟ್ಟಿಗೆಯಲ್ಲಿ ಒಂದು ಬಣ್ಣದ ಪಟ್ಟಿ ಬರುತ್ತೆ, ನೋಡಿರಬಹುದು. ಬಿಳಿಯಿಂದ ಕಡುಕಂದಿನವರೆಗೆ ಚೌಕಗಳು, ಕೊನೆಯ ಚೌಕದ ಹತ್ತಿರ ಅಡ್ಡಗೆರೆ. ಆ ಪಟ್ಟಿಯ ಮೂಲ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯ 1975ರಲ್ಲಿ ಮಾಡಿದ ವಿಂಗಡಣೆ. ಬಿಸಿಲಿಗೆ ಬಿಳಿ ಚರ್ಮ ಎಷ್ಟು ಕೆಂಪಾಗುತ್ತೆ, ಎಷ್ಟು ಕಂದಾಗುತ್ತೆ ಅನ್ನೋದು ಅವನ ಪ್ರಶ್ನೆ. ನಾಲ್ಕು ವರ್ಗ ಮಾಡಿದ. ಕಂದು ಮತ್ತು ಕಪ್ಪು ಚರ್ಮದ ಐದನೇ, ಆರನೇ ವರ್ಗಗಳು ಆಮೇಲೆ ಸೇರಿದವು. ನಮ್ಮಲ್ಲಿ ಬಹಳ ಜನ ಬರೋದು ನಾಲ್ಕು, ಐದರ ಆಸುಪಾಸಿನಲ್ಲಿ. ಅಂದರೆ ಆ ಪಟ್ಟಿಯ ಅಂಚಿನಲ್ಲಿ. ಬೇಸಿಗೆಯಲ್ಲಿ ಸ್ಕೂಟರ್ ಓಡಿಸಿದ ಕೈ ಒಂದು ಚೌಕ ಮುಂದಕ್ಕೆ ಹೋಗಿರುತ್ತೆ ಅನ್ನೋದನ್ನೂ ನೆನಪಿಡಿ.

ಹಾಗಾದರೆ ಕ್ಲಿನಿಕ್ಕಿಗೆ ಜೈ ಅಂತೀನಾ? ಕಣ್ಣು ಮುಚ್ಚಿಕೊಂಡು ಅಲ್ಲ. ಪಾರ್ಲರಿನ ಹಿಂದಿನ ಕೋಣೆಯಲ್ಲಿ ಪರದೆ ಕಟ್ಟಿ ಒಂದು ಯಂತ್ರ ಇಟ್ಟು "ಪರ್ಮನೆಂಟ್" ಅಂತ ಬೋರ್ಡು ಹಾಕಿದರೆ ಅದು ಕ್ಲಿನಿಕ್ ಆಗಲ್ಲ. ಭಾರತದ ಚರ್ಮವೈದ್ಯರ ಸಂಘ 2008ರಲ್ಲಿ ಹೊರತಂದ ಮಾರ್ಗಸೂಚಿ ಕೂಡ ಇದನ್ನು ಕೂದಲು "ಇಳಿಕೆ" ಅಂತಲೇ ಕರೆಯಿತು, ನಿರ್ಮೂಲನೆ ಅಂತಲ್ಲ. ಅಮೆರಿಕದ ಎಫ್‌ಡಿಎ ಒಪ್ಪೋದೂ ಅಷ್ಟೇ. ನಿರ್ಮೂಲನೆ ಅನ್ನೋ ಮಾತು ನಿಜವಾಗಿ ಸಲ್ಲೋದು ಎಲೆಕ್ಟ್ರಾಲಿಸಿಸ್ಸಿಗೆ. ಒಂದೊಂದೇ ಬುಡಕ್ಕೆ ಸೂಜಿ ಇಳಿಸಿ ಕರೆಂಟು ಹಾಯಿಸುವ ವಿಧಾನ ಅದು. ಸೇಂಟ್ ಲೂಯಿಸ್‌ನ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್, ಒಳಕ್ಕೆ ತಿರುಗಿ ಕಣ್ಣು ಚುಚ್ಚುವ ರೆಪ್ಪೆಗೂದಲಿಗೆ ಅದನ್ನು ಬಳಸಿ 1875ರಲ್ಲೇ ಬರೆದಿದ್ದ. ನಿಧಾನ, ನೋವು, ಆದರೆ ಬಿಳಿ ಕೂದಲಿಗೂ ಆಗುತ್ತೆ.

ಆದ್ದರಿಂದ ಕ್ಲಿನಿಕ್ಕಿಗೆ ಹೋದರೆ ನಾಚಿಕೆ ಬಿಟ್ಟು ಕೇಳಿ. ಯಾವ ಲೇಸರ್? ನನ್ನ ಬಣ್ಣಕ್ಕೆ ಅದೇ ಯಾಕೆ? ಮೊದಲು ಸಣ್ಣ ಜಾಗದಲ್ಲಿ ಹಾಕಿ ನೋಡ್ತೀರಾ? ಸುಟ್ಟರೆ ನೋಡೋಕೆ ಡಾಕ್ಟರು ಇಲ್ಲೇ ಇರ್ತಾರಾ? ಕಣ್ಣಿಗೆ ಕನ್ನಡಕ ಕೊಡ್ತೀರಾ? ಈ ಐದಕ್ಕೆ ತಡವರಿಸುವ ಜಾಗದಿಂದ ಚಪ್ಪಲಿ ಮೆಟ್ಟಿಕೊಂಡು ಎದ್ದು ಬನ್ನಿ.

ಇಷ್ಟು ಹೇಳಿಯೂ ನನಗೆ ಮುಖ್ಯ ಅನಿಸೋದು ಬೇರೆಯೇ. ಮನೆಯ ಯಂತ್ರ ಮಾರೋದು ಬೆಳಕನ್ನಲ್ಲ, ಗುಟ್ಟನ್ನು. ಕೊರಿಯರ್ ಬರುತ್ತೆ, ಬಾಗಿಲು ಹಾಕಿಕೊಂಡರೆ ಆಯ್ತು, ಯಾರಿಗೂ ಗೊತ್ತಾಗಲ್ಲ. ಹದಿನೆಂಟರ ಹುಡುಗಿಗೆ ಗದ್ದದಲ್ಲಿ ದಪ್ಪ ಕೂದಲು ಬರ್ತಿದೆ, ಮುಟ್ಟು ಎರಡು ಮೂರು ತಿಂಗಳಾದರೂ ಬರಲ್ಲ ಅಂದರೆ, ಅದು ನಾವು ಪಿಸಿಓಡಿ ಅನ್ನುತ್ತೇವಲ್ಲ ಆ ಹಾರ್ಮೋನಿನ ತೊಂದರೆ ಇರಬಹುದು. ಅವಳಿಗೆ ಮೊದಲು ಬೇಕಿರೋದು ಡಾಕ್ಟರು ಮತ್ತು ರಕ್ತಪರೀಕ್ಷೆ, ಮಿಂಚುವ ದೀಪವಲ್ಲ. ಒಳಗಿನ ಕಾರಣ ಹಾಗೇ ಇದ್ದರೆ ಮನೆಯದಾದರೇನು, ಕ್ಲಿನಿಕ್ಕಿನದಾದರೇನು, ಹೊಸ ಕೂದಲು ಹುಟ್ಟುತ್ತಲೇ ಇರುತ್ತೆ. ಇನ್ನೂ ಒಂದು ವಿಚಿತ್ರ ಇದೆ. ಮುಖ, ಕುತ್ತಿಗೆಯ ನವಿರು ಕೂದಲಿಗೆ ಬುಡ ಸಾಯುವಷ್ಟು ಬಿಸಿ ಸಿಗದಿದ್ದರೆ ಕೆಲವರಲ್ಲಿ ಕೂದಲು ಕಡಿಮೆಯಾಗುವ ಬದಲು ದಪ್ಪಗೆ, ಹೆಚ್ಚಾಗಿ ಬೆಳೆಯುತ್ತೆ. ಕಂದು ಬಣ್ಣದವರಲ್ಲಿ, ಹಾರ್ಮೋನಿನ ಏರುಪೇರು ಇರುವವರಲ್ಲಿ ಇದು ಹೆಚ್ಚಾಗಿ ಕಂಡಿದೆ. ಲೇಸರಿನಲ್ಲೂ ಆಗಬಹುದು, ಆದರೆ ಅಲ್ಲಿ ಗುರುತಿಸುವವರು ಎದುರಿಗೆ ಇರುತ್ತಾರೆ. ಬಾಗಿಲು ಹಾಕಿಕೊಂಡ ಹುಡುಗಿ "ಇನ್ನೂ ಸಾಲದೇನೋ" ಅಂತ ಮತ್ತೆ ಗುಂಡಿ ಒತ್ತುತ್ತಾಳೆ.

ನನ್ನ ಮಾತು ಇಷ್ಟೇ. ಕೈಕಾಲಿಗೆ, ಬಣ್ಣದ ಪಟ್ಟಿ ಒಪ್ಪಿದರೆ, ಮಚ್ಚೆ ಹಚ್ಚೆ ತಪ್ಪಿಸಿ, ಮನೆಯ ಯಂತ್ರ ಬಳಸುವವರು ಬಳಸಲಿ. ವರ್ಷಗಟ್ಟಲೆ ತಾಳ್ಮೆ ಇರಲಿ. ಮುಖಕ್ಕೆ, ಅದರಲ್ಲೂ ನಮ್ಮ ಬಣ್ಣದ ಮುಖಕ್ಕೆ, ಬೇಡ. ಮುಟ್ಟು ಏರುಪೇರಾಗಿದ್ದರೆ ಮೊದಲು ಡಾಕ್ಟರು, ಆಮೇಲೆ ಲೇಸರ್. ಅಲ್ಲಿಯವರೆಗೆ ದಾರ, ರೇಜರ್ ಯಾವುದಾದರೂ ನಡೆಯುತ್ತೆ. ರೇಜರ್ ಹಾಕಿದರೆ ಕೂದಲು ದಪ್ಪಗಾಗುತ್ತೆ ಅನ್ನೋದು ಕಟ್ಟುಕತೆ. ಏನೂ ತೆಗೆಯದೆ ಹಾಗೇ ಇರುತ್ತೇನೆ ಅನ್ನುವವರಿಗೂ ನನ್ನದೊಂದು ನಮಸ್ಕಾರ.

ಮನೆಯಲ್ಲಿ ತಂಗಿಯೋ ಮಗಳೋ ಬಚ್ಚಲ ಬಾಗಿಲು ಹಾಕಿಕೊಂಡು ಹೊತ್ತು ಕಳೀತಿದ್ದರೆ ಬೈಯಬೇಡಿ. ಮುಟ್ಟು ಸರಿಯಾಗಿ ಬರ್ತಿದೆಯಾ ಅಂತ ಮೆಲ್ಲಗೆ ಒಮ್ಮೆ ಕೇಳಿ.