ದನ, ಧನ ಮತ್ತು ಪರದೆಯ ಬೆಳಕು

ಬೆಂಗಳೂರಿನಲ್ಲಿ ಕನ್ನಡ ಪತ್ರಿಕೆ ಬೆಳಿಗ್ಗೆ ಬಾಗಿಲಿಗೇ ಬಂದು ಬೀಳುತ್ತದೆ. ಪುಣೆ, ಚೆನ್ನೈ, ದೆಹಲಿಯ ಎಷ್ಟೋ ಕನ್ನಡಿಗರಿಗೆ ಕನ್ನಡದ ಓದು ಎಂದರೆ ಫೋನಿನ ಪರದೆ ಮಾತ್ರ. ‘ಹತ್ತು ನಿಮಿಷಕ್ಕೆ ಕಣ್ಣು ಸೋಲುತ್ತದೆ, ಕನ್ನಡ ಓದುವ ಅಭ್ಯಾಸವೇ ತಪ್ಪಿಹೋಗಿದೆ’ ಎಂಬ ಮಾತು ಅವರಲ್ಲಿ ಆಗಾಗ ಕೇಳಿಬರುತ್ತದೆ. ತಪ್ಪು ಅಭ್ಯಾಸದ್ದೇ ಆಗಿರಬೇಕೆಂದಿಲ್ಲ, ಪರದೆಯದ್ದೂ ಇರಬಹುದು.

ಪರದೆಯ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ರೋಮನ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಕನ್ನಡ ಲಿಪಿಯ ಕಷ್ಟಗಳು ಬೇರೆ. ‘ದನ’ವು ‘ಧನ’ವಾಗುವುದು ಅಡಿಯ ಒಂದು ಸಣ್ಣ ಸೀಳಿನಿಂದ, ‘ಪ’ಕ್ಕೂ ‘ಷ’ಕ್ಕೂ ಇರುವ ವ್ಯತ್ಯಾಸ ಒಳಗಿನ ಒಂದು ಗೀಟು. ಒತ್ತಕ್ಷರಗಳು ಚಿಕ್ಕದಾಗಿ ಸಾಲಿನ ಕೆಳಗೆ ಇಳಿಯುತ್ತವೆ. ‘ರಾಷ್ಟ್ರ’ದಲ್ಲಿ ಅಂಥವು ಎರಡು. ಬೂದು ಬಣ್ಣದ ತೆಳು ಅಕ್ಷರಗಳಲ್ಲಿ ಮೊದಲು ಮಾಯವಾಗುವುದು ಇವೇ. ಸಂದರ್ಭ ನೋಡಿ ಊಹಿಸಿಕೊಳ್ಳಬಹುದು, ನಿಜ. ಆದರೆ ಸಾಲು ಸಾಲಿಗೂ ಊಹಿಸುತ್ತ ಹೋಗುವುದೇ ದಣಿವು.

ಬಿಳಿಯ ಮೇಲೆ ಅಚ್ಚ ಕಪ್ಪು ಅಕ್ಷರದ ಕಾಂಟ್ರಾಸ್ಟ್ 21:1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಇರಬೇಕು ಎನ್ನುತ್ತದೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನ ಮಾರ್ಗಸೂಚಿ. ಈ ಲೆಕ್ಕ ಬಣ್ಣಗಳದ್ದು. ಸೀಳು, ಒತ್ತುಗಳ ಪರಿಚಯ ಅದಕ್ಕಿಲ್ಲ. ಕನ್ನಡ ಪುಟಗಳನ್ನು ರೂಪಿಸುವವರು ಅದೇ ಮಾರ್ಗಸೂಚಿಯ ಮೇಲಿನ ದರ್ಜೆಯಾದ 7:1 ಅನ್ನೇ ಕನಿಷ್ಠವೆಂದು ಹಿಡಿಯಬೇಕು. ಸೊಗಸಿನ ಹೆಸರಿನ ಬೂದು ಅಕ್ಷರ ಕನ್ನಡಕ್ಕೆ ದುಬಾರಿ.

ಡಾರ್ಕ್ ಮೋಡ್ ಕಣ್ಣಿಗೆ ತಂಪು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಪರದೆ ಕಪ್ಪಾದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ; ಆಗ ದೃಷ್ಟಿಯ ಸಣ್ಣಪುಟ್ಟ ದೋಷಗಳು ಎದ್ದು ಕಾಣುತ್ತವೆ. ಅಸ್ಟಿಗ್ಮ್ಯಾಟಿಸಂ ಇರುವ ಹಲವರಿಗೆ ಬಿಳಿ ಅಕ್ಷರದ ಅಂಚು ಕಪ್ಪಿನೊಳಗೆ ಹರಡಿದಂತೆ ತೋರುತ್ತದೆ, ಸೀಳು ಮುಚ್ಚಿಹೋಗುತ್ತದೆ. ಬೆಳಕಿರುವ ಕೋಣೆಯಲ್ಲಿ ತಿಳಿ ಹಿನ್ನೆಲೆಯ ಮೇಲಿನ ಗಾಢ ಅಕ್ಷರವೇ ಹೆಚ್ಚಿನವರಿಗೆ ವಾಸಿ. ಕಣ್ಣಿಗೆ ಪೊರೆ ಬಂದ ಹಿರಿಯರ ಮಾತು ಬೇರೆ. ಬಿಳಿ ಹಿನ್ನೆಲೆಯ ಬೆಳಕು ಅವರ ಕಣ್ಣೊಳಗೆ ಚದುರಿ ಕುಕ್ಕುತ್ತದೆ. ಅಂಥವರಿಗೆ ಕಪ್ಪು ಪರದೆ ಆಸರೆ. ಆದ್ದರಿಂದ ಆಯ್ಕೆ ಓದುಗರ ಕೈಯಲ್ಲೇ ಇರಲಿ.

ಬೆಳಕಿನ ಹದ ನೋಡಲು ಒಂದು ಬಿಳಿ ಕಾಗದ ಸಾಕು. ಅದನ್ನು ಪರದೆಯ ಪಕ್ಕ ಹಿಡಿದಾಗ ಪರದೆ ದೀಪದಂತೆ ಉರಿದರೆ ಬೆಳಕು ಹೆಚ್ಚಾಯಿತು, ಕಾಗದಕ್ಕಿಂತ ಮಂಕಾಗಿದ್ದರೆ ಕಡಿಮೆಯಾಯಿತು. ಮುಂಬೈ ಲೋಕಲ್‌ನ ಕಿಟಕಿಯ ಪಕ್ಕದ ಹದ ರಾತ್ರಿಯ ಹಾಸಿಗೆಗೆ ಹೊಂದುವುದಿಲ್ಲ. ಹಳದಿ ಛಾಯೆಯ ನೈಟ್ ಮೋಡ್ ಮುಖ್ಯವಾಗಿ ಬಣ್ಣ ಬದಲಿಸುತ್ತದೆ. ಬೆಳಕನ್ನು ಬೇರೆಯಾಗಿಯೇ ತಗ್ಗಿಸಬೇಕು. ಜೊತೆಗೆ ಕೆನೆಬಣ್ಣದ ಹಿನ್ನೆಲೆ, ಇಂಗ್ಲಿಷಿಗಿಂತ ತುಸು ದೊಡ್ಡ ಅಕ್ಷರ, ಒತ್ತುಗಳು ಕೆಳಗಿನ ಸಾಲಿಗೆ ತಾಗದಷ್ಟು ಅಂತರ ಇದ್ದರೆ ಓದು ಹಗುರ.

ಇದನ್ನು ಸಣ್ಣ ಸಂಗತಿ ಎನ್ನುವವರು ಹೊರನಾಡಿನ ಮಕ್ಕಳನ್ನು ನೆನೆಯಬೇಕು. ಹೈದರಾಬಾದಿನಲ್ಲಿ ಹುಟ್ಟಿ, ಅಜ್ಜಿಯ ಪಕ್ಕ ಕುಳಿತು ಅಕ್ಷರ ಕಲಿತ ಮಗುವಿಗೆ ಊಹಿಸಿ ಓದುವಷ್ಟು ಪದಗಳ ಪರಿಚಯ ಇನ್ನೂ ಇರುವುದಿಲ್ಲ. ದನವೋ ಧನವೋ ಎಂದು ಅದು ನಿಲ್ಲುತ್ತದೆ. ನಾಲ್ಕು ಸಲ ನಿಂತರೆ ಬೆರಳು ಇಂಗ್ಲಿಷಿಗೆ ಜಾರುತ್ತದೆ. ದೊಡ್ಡವರು ಆಗ ಮಗುವಿಗೆ ಕನ್ನಡದಲ್ಲಿ ಆಸಕ್ತಿಯಿಲ್ಲ ಎಂದು ತೀರ್ಮಾನಿಸುವ ಮೊದಲು, ಆ ಸೀಳು ಅದಕ್ಕೆ ಕಾಣಿಸುತ್ತಿದೆಯೇ ಎಂದು ನೋಡಬೇಕು.