ಲಾಜಿಕ್ ಕೇಳೋ ಮಹನೀಯರಿಗೆ

ಸೆಲೀನ್ ಸಿಯಾಮಾ ನಿರ್ದೇಶನದ ಫ್ರೆಂಚ್ ಸಿನಿಮಾ 'ಪೆತೀತ್ ಮಮಾಂ' (2021) ಬಗ್ಗೆ ಮಾತು ಬಂದಾಗಲೆಲ್ಲ ಎರಡು ತಕರಾರು ಕೇಳಿ ಕೇಳಿ ಸಾಕಾಗಿದೆ. ಒಂದು, "ಇದರಲ್ಲಿ ಲಾಜಿಕ್ ಎಲ್ರೀ ಇದೆ?" ಇನ್ನೊಂದು, "ಏನೂ ಆಗೋದೇ ಇಲ್ವಲ್ರೀ!"

ಮೊದಲು ಲಾಜಿಕ್ ವಿಷಯಕ್ಕೇ ಬರೋಣ. ಎಂಟು ವರ್ಷದ ನೆಲ್ಲಿಯ ಅಜ್ಜಿ ತೀರಿಕೊಂಡಿದ್ದಾಳೆ. ಅಜ್ಜಿಯ ಮನೆ ಖಾಲಿ ಮಾಡಲು ಬಂದ ಅಮ್ಮ ಒಂದು ಬೆಳಗ್ಗೆ ಮಗಳಿಗೆ ಹೇಳದೆ ಹೊರಟು ಹೋಗಿರುತ್ತಾಳೆ. ಹತ್ತಿರದ ಕಾಡಿನಲ್ಲಿ ನೆಲ್ಲಿಗೆ ಥೇಟ್ ತನ್ನ ಹಾಗೇ ಇರೋ ಒಬ್ಬ ಹುಡುಗಿ ಸಿಗುತ್ತಾಳೆ. ಕೊಂಬೆಗಳ ಗುಡಿಸಲು ಕಟ್ಟುತ್ತಿರುವ ಅವಳ ಹೆಸರು ಮರಿಯೋನ್. ನೆಲ್ಲಿಯ ಅಮ್ಮನ ಹೆಸರೂ ಅದೇ. ಮಿಂಚಿಲ್ಲ, ಗುಡುಗಿಲ್ಲ, ಹೊಗೆ ಇಲ್ಲ... ಅಮ್ಮನೇ ಎಂಟು ವರ್ಷದವಳಾಗಿ ಎದುರು ನಿಂತಿದ್ದಾಳೆ.

ಹೇಗೆ ಸಾಧ್ಯ? ಸಿನಿಮಾ ಹೇಳುವುದಿಲ್ಲ. ಯಾಕೆ ಹೇಳಬೇಕು? 'ಬ್ಯಾಕ್ ಟು ದ ಫ್ಯೂಚರ್'ನಲ್ಲಿ (1985) ಕಾರು ಗಂಟೆಗೆ 88 ಮೈಲಿ ಓಡಿದರೆ 1955 ಬರುತ್ತದೆ ಅಂದಾಗ ತಲೆಯಾಡಿಸಿದವರು ನಾವೇ ತಾನೆ? ಕಾರಾದರೆ ನಂಬುತ್ತೇವೆ, ಕಾಡಿನ ದಾರಿಯಾದರೆ ನಂಬೋದಿಲ್ಲ! ನಮಗೆ ಬೇಕಿರೋದು ಲಾಜಿಕ್ ಅಲ್ಲ ಸ್ವಾಮಿ, ಒಂದು ಯಂತ್ರ ಅಷ್ಟೆ.

ಆ ಕಾರಿನ ಹುಡುಗ ಹಿಂದೆ ಹೋಗಿ ಅಪ್ಪ ಅಮ್ಮನ ಬದುಕನ್ನೇ ರಿಪೇರಿ ಮಾಡಿಕೊಂಡು ಬರುತ್ತಾನೆ. ನೆಲ್ಲಿ ಏನನ್ನೂ ರಿಪೇರಿ ಮಾಡುವುದಿಲ್ಲ. ಅಜ್ಜಿಯ ಸಾವು ತಪ್ಪುವುದಿಲ್ಲ, ಅಮ್ಮನ ಬೇಸರ ಮಾಯವಾಗುವುದಿಲ್ಲ. ಅಮ್ಮನ ದುಃಖಕ್ಕೆ ತಾನು ಕಾರಣ ಅಲ್ಲ ಅನ್ನೋದನ್ನು ಆ ಪುಟ್ಟ ಅಮ್ಮನ ಬಾಯಿಂದಲೇ ಕೇಳುತ್ತಾಳೆ. ಇಷ್ಟೇ ಅವಳಿಗೆ ದಕ್ಕುವುದು.

ಇದನ್ನೇ "ಏನೂ ಆಗೋದಿಲ್ಲ" ಅನ್ನೋದಾ? ಅಮ್ಮ ಸಪ್ಪಗೆ ಕೂತಾಗ "ನನ್ನಿಂದಲೇ ಇರಬೇಕು" ಅಂತ ಒಳಗೊಳಗೇ ಅಂದುಕೊಳ್ಳದ ಮಗು ಎಲ್ಲಿದೆ ಹೇಳಿ? ಸಂಸಾರದ ಕಷ್ಟ ಅಂದರೆ ಕೂಗಾಟ, ಕೆನ್ನೆಗೆ ಏಟು, ಹಿನ್ನೆಲೆಯಲ್ಲಿ ಪಿಟೀಲು ಇರಲೇಬೇಕು ಅಂತ ನಮಗೆ ಅಭ್ಯಾಸವಾಗಿಬಿಟ್ಟಿದೆ. ಇಲ್ಲಿ ಬರೀ 72 ನಿಮಿಷದಲ್ಲಿ, ದನಿ ಏರಿಸದೆ, ಜೋಸೆಫೀನ್ ಮತ್ತು ಗೇಬ್ರಿಯಲ್ ಸಾಂಜ್ ಅನ್ನೋ ಇಬ್ಬರು ಅವಳಿ ಹುಡುಗಿಯರು ಅದನ್ನೆಲ್ಲ ತೋರಿಸಿಬಿಡುತ್ತಾರೆ.

ಪುಟ್ಟ ಮರಿಯೋನ್‌ಗೆ ಆಪರೇಷನ್ ಅಂದರೆ ಭಯ. ಅದು ಅವಳ ಮಗಳಿಗೆ ಗೊತ್ತಾಯಿತು. ನಿಮ್ಮ ಅಮ್ಮ ಎಂಟು ವರ್ಷದವಳಿದ್ದಾಗ ಯಾವುದಕ್ಕೆ ಹೆದರುತ್ತಿದ್ದಳು, ನಿಮಗೆ ಗೊತ್ತಾ?

ಗೊತ್ತಿಲ್ಲ ಅಂತಾದರೆ ಮೊದಲು ಅದನ್ನು ಕೇಳಿ ತಿಳ್ಕೊಳ್ಳಿ. ಲಾಜಿಕ್ ಆಮೇಲೆ ಕೇಳುವಿರಂತೆ.