ಪಹಣಿಯಲ್ಲಿಲ್ಲದ ಹೆಸರು

ಕೊಪ್ಪಳ ಜಿಲ್ಲೆಯ ಭೂಮಿ ಎರಡು ಬಗೆಯದು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಿಳಿದ ತರುವಾಯ ಗಂಗಾವತಿಯ ಸೀಮೆ ಬತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾಗಳ ಬಹುಭಾಗ ಮಳೆಯನ್ನೇ ನೆಚ್ಚಿ ಜೋಳ, ಸಜ್ಜೆ, ಶೇಂಗಾ ಬೆಳೆಯುವ ಒಣಭೂಮಿಯಾಗಿ ಉಳಿಯಿತು. ಆದರೆ ಒಂದು ಸಂಗತಿ ಎರಡೂ ಕಡೆ ಸಮಾನವಾಗಿದೆ. ಕೆಸರುಗದ್ದೆಯಲ್ಲಿ ಬಾಗಿ ಸಸಿ ನೆಡುವವರು, ಎರೆಹೊಲದಲ್ಲಿ ಕಳೆ ತೆಗೆಯುವವರು, ಶೇಂಗಾ ಬಿಡಿಸುವವರು ಹೆಂಗಸರು. ಪಹಣಿಯಲ್ಲಿರುವ ಹೆಸರು ಬಹುಮಟ್ಟಿಗೆ ಗಂಡಸರದು.

ಹೆಸರೊಂದರಿಂದ ಆಗುವುದೇನು ಎಂದು ಯಾರಾದರೂ ಕೇಳಬಹುದು. ಬೆಳೆಸಾಲ ದೊರೆಯುವುದು, ಬರ ಬಿದ್ದ ವರ್ಷ ಪರಿಹಾರದ ಹಣ ಬರುವುದು ಪಹಣಿಯ ಹೆಸರನ್ನು ನೋಡಿಯೇ. ಗಂಡನಾದವನು ದುಡಿಮೆಯನ್ನರಸಿ ಮಂಗಳೂರಿಗೋ ಗೋವೆಗೋ ಗುಳೆ ಹೋದಾಗ ಹೊಲದ ಹೊಣೆಯೆಲ್ಲ ಮನೆಯಲ್ಲುಳಿದ ಹೆಂಡತಿಯ ಮೇಲೆ ಬೀಳುತ್ತದೆ. ಬಿತ್ತುವವಳು ಅವಳು, ಕಾಯುವವಳು ಅವಳು. ಸಾಲ ಕೇಳಲು ಹೋದರೆ ಮಾತ್ರ ಆಕೆ ರೈತಳಲ್ಲ, ರೈತನ ಹೆಂಡತಿ!

ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಕರ್ನಾಟಕವು 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ತಿದ್ದಿ, ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ನೀಡಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವನ್ನು ತೊಡೆದುಹಾಕಿತು. ಮಗನಂತೆ ಮಗಳಿಗೂ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸ್ಪಷ್ಟಪಡಿಸಿತು. ಇಷ್ಟೆಲ್ಲ ಇದ್ದರೂ ಹೆಣ್ಣಿನ ಪಾಲು ಹೆಣ್ಣಿಗೆ ಏಕೆ ಸೇರುತ್ತಿಲ್ಲ?

ಉತ್ತರವು ಕಚೇರಿಯಲ್ಲಿಲ್ಲ, ಮನೆಯೊಳಗಿದೆ. ಈ ಸೀಮೆಯ ಹೆಣ್ಣಿಗೆ ತವರೆಂದರೆ ಜೀವ. ನಾಗರಪಂಚಮಿ ಬಂತೆಂದರೆ ಅಣ್ಣ ಕರೆಯಲು ಬರುವ ಹಾದಿಯನ್ನು ಆಕೆ ಕಾಯುತ್ತಾಳೆ. ಉಂಡಿ, ಜೋಕಾಲಿ, ಗೆಳತಿಯರು, ನಾಲ್ಕು ದಿನದ ಬಿಡುವು. ವರ್ಷವಿಡೀ ದುಡಿವ ಜೀವಕ್ಕೆ ಅದೇ ಐಶ್ವರ್ಯ. ಗಂಡನ ಮನೆಯಲ್ಲಿ ಕಷ್ಟ ಬಂದರೆ ತಿರುಗಿ ಬರಲು ಇರುವ ಬಾಗಿಲೂ ಅದೊಂದೇ. ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರವನ್ನು ಮುಂದಿಟ್ಟಾಗ ಆಕೆ ಹೆಬ್ಬೆಟ್ಟು ಒತ್ತುವುದು ಆ ಬಾಗಿಲು ಮುಚ್ಚೀತೆಂಬ ಅಳುಕಿನಿಂದ. ಇದನ್ನು ಲೋಕ ತಂಗಿಯ ಔದಾರ್ಯವೆಂದು ಕೊಂಡಾಡುತ್ತದೆ. ಇಲ್ಲವೆನ್ನಲು ಎಡೆಯೇ ಇಲ್ಲದ ಕಡೆ ಕೊಟ್ಟದ್ದು ಔದಾರ್ಯವಾಗುವುದಾದರೂ ಹೇಗೆ?

ಅಣ್ಣನೂ ಬಡವನೇ ಎಂಬ ಮಾತಿದೆ, ಅದು ಸುಳ್ಳಲ್ಲ. ಇರುವ ನಾಲ್ಕೆಕರೆ ಒಣಭೂಮಿಯನ್ನು ಹೆಣ್ಣುಮಕ್ಕಳಿಗೂ ಹಂಚಿದರೆ ಯಾರಿಗೂ ಹೊಟ್ಟೆ ತುಂಬದು ಎನ್ನುತ್ತಾರೆ. ಆದರೆ ಅದೇ ಹೊಲವನ್ನು ನಾಲ್ವರು ಗಂಡುಮಕ್ಕಳು ಹಂಚಿಕೊಳ್ಳುವಾಗ ಭೂಮಿ ಚೂರಾಯಿತೆಂಬ ಚಿಂತೆ ಯಾರಿಗೂ ಬರುವುದಿಲ್ಲವೆಂಬುದು ಗಮನಾರ್ಹ. ಮದುವೆಯಲ್ಲಿ ಕೊಟ್ಟದ್ದೇ ಅವಳ ಪಾಲಾಯಿತು ಎಂಬ ವಾದವಂತೂ ನಿಲ್ಲುವಂಥದಲ್ಲ. ವರದಕ್ಷಿಣೆಯನ್ನು 1961ರ ಕಾಯ್ದೆ ನಿಷೇಧಿಸಿದೆ. ಕದ್ದುಮುಚ್ಚಿ ಕೊಟ್ಟರೂ ಅದು ವರನ ಮನೆ ಸೇರುತ್ತದೆಯೇ ಹೊರತು ವಧುವಿನ ಕೈಯಲ್ಲಿ ಉಳಿಯುವುದಿಲ್ಲ.

ಓದಿನ ಕೊರತೆಯೂ ಇದಕ್ಕೆ ಕೂಡಿಕೊಂಡಿದೆ. 2011ರ ಜನಗಣತಿಯಂತೆ ಜಿಲ್ಲೆಯ ಪುರುಷರಲ್ಲಿ ನೂರಕ್ಕೆ ಸುಮಾರು 78 ಜನ ಅಕ್ಷರಸ್ಥರಾಗಿದ್ದರೆ ಸ್ತ್ರೀಯರಲ್ಲಿ ಸುಮಾರು 57 ಜನ ಮಾತ್ರ. ತಾನು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆಯೆಂದು ಅರಿಯದವಳಿಗೆ ಕಾಯ್ದೆಯ ಬಲ ಎಷ್ಟರದು?

ಮನೆಯವರನ್ನು ಬಾಯಿಬಿಟ್ಟು ಕೇಳುವುದು ಹೆಣ್ಣಿಗೆ ತಕ್ಕುದಲ್ಲವೆಂಬ ಭಾವನೆ ಬಲವಾಗಿದೆ. ಆದರೆ 2016ರಲ್ಲಿ ಇದೇ ಜಿಲ್ಲೆಯ ಹಳ್ಳಿಯ ಬಾಲಕಿಯೊಬ್ಬಳು ಮನೆಯಲ್ಲಿ ಶೌಚಾಲಯ ಬೇಕೆಂದು ಹಟ ಹಿಡಿದು ಉಪವಾಸ ಕುಳಿತಳು. ಬಡ ಕುಟುಂಬ, ಹಣವಿರಲಿಲ್ಲ. ಗ್ರಾಮ ಪಂಚಾಯಿತಿಯ ಮುಖ್ಯಸ್ಥರು 18,000 ರೂಪಾಯಿ ಹೊಂದಿಸಿಕೊಟ್ಟರು. ವಾರದೊಳಗೆ ಶೌಚಾಲಯ ಎದ್ದಿತು. ಪ್ರಧಾನಮಂತ್ರಿಯವರು ಆಕಾಶವಾಣಿಯಲ್ಲಿ ಅವಳ ಹೆಸರು ಹೇಳಿದರು. ಶೌಚಾಲಯ ಕೇಳಿದವಳನ್ನು ನಾಡೇ ಮೆಚ್ಚಿತು. ಹೊಲದ ಪಾಲು ಕೇಳಿದವಳಿಗೆ ಇನ್ನೂ ಆ ಮೆಚ್ಚುಗೆ ದೊರೆತಿಲ್ಲ.

ತಂದೆ ತೀರಿಕೊಂಡ ಮೇಲೆ ಜಮೀನಿನ ಖಾತೆ ಬದಲಿಸಲು ವಾರಸುದಾರರು ಅರ್ಜಿ ಕೊಡಬೇಕು. ಅದರೊಡನೆ ವಂಶವೃಕ್ಷವನ್ನೂ ಇಡಬೇಕು. ಗಂಡುಮಕ್ಕಳಂತೆ ಹೆಣ್ಣುಮಕ್ಕಳ ಹೆಸರುಗಳೂ ಅದರಲ್ಲಿ ಇರತಕ್ಕದ್ದು. ಅವು ಬಿಟ್ಟುಹೋಗುವುದು ಅಲ್ಲಿಯೇ, ಮನೆಯ ಪಡಸಾಲೆಯಲ್ಲಿ, ಅರ್ಜಿ ಬರೆಯುವ ಹೊತ್ತಿನಲ್ಲಿ. ಹಿರಿಯರು ಓದುಬರಹ ಅರಿಯದ ಮನೆಗಳಲ್ಲಿ ಆಗ ಲೇಖನಿ ಹಿಡಿದು ಕುಳಿತಿರುವವರು ಶಾಲೆಗೆ ಹೋಗುವ ಮಕ್ಕಳು.